ಕಲಿಸಿದ್ದೆಷ್ಟು, ಕಲಿತದ್ದೆಷ್ಟು: ಹೊಸ ಶಿಕ್ಷಕರ ಮೊದಲ ವರ್ಷದ ಕೆಲಸ

ಬಿ.ಎಡ್. ಅಥವಾ ಡಿ.ಎಡ್. ಓದುವಾಗ ಮಾಡುವ ಅಭ್ಯಾಸ ಪಾಠದಲ್ಲಿ ಒಂದೇ ತರಗತಿ ಇರುತ್ತದೆ, ಒಂದೇ ಘಟಕ ಇರುತ್ತದೆ, ಹಿಂದಿನ ಬೆಂಚಿನಲ್ಲಿ ಮಾರ್ಗದರ್ಶಕರೊಬ್ಬರು ಕುಳಿತಿರುತ್ತಾರೆ. ಅವರು ಗಮನಿಸುವುದು ಮುಖ್ಯವಾಗಿ ಪಾಠ ಮಾಡುವವರನ್ನೇ: ಪೀಠಿಕೆ ಆಕರ್ಷಕವಾಗಿತ್ತೇ, ಕಪ್ಪುಹಲಗೆಯ ಬರಹ ನೇರವಾಗಿತ್ತೇ, ಕಲಿಕೋಪಕರಣವನ್ನು ಸರಿಯಾದ ಹೊತ್ತಿಗೆ ತೋರಿಸಿದರೇ ಎಂಬುದನ್ನು. ಕೊನೆಯಲ್ಲಿ ಕೇಳುವ ನಾಲ್ಕೈದು ಪ್ರಶ್ನೆಗಳಿಗೆ ಚುರುಕಾದ ಮಕ್ಕಳು ಉತ್ತರ ಹೇಳಿಬಿಟ್ಟರೆ ಪಾಠ ಚೆನ್ನಾಗಿ ಆಯಿತೆಂದು ಲೆಕ್ಕ. ಹೀಗೆ ತಯಾರಾದವರು ನೇಮಕಾತಿ ಆದೇಶ ಹಿಡಿದು ಸರ್ಕಾರಿ ಪ್ರಾಥಮಿಕ ಶಾಲೆಯೊಂದಕ್ಕೆ ಬಂದಾಗ, ತಮ್ಮ ಪಾಠ ಹೇಗಿತ್ತು ಎಂಬುದನ್ನೇ ಮನಸ್ಸಿನಲ್ಲಿ ತೂಗಿಕೊಳ್ಳುತ್ತಿರುತ್ತಾರೆ; ಎದುರಿಗೆ ಕುಳಿತ ಮೂವತ್ತು ಮಕ್ಕಳಲ್ಲಿ ಯಾರಿಗೆ ಏನು ತಿಳಿಯಿತು, ಯಾರು ಎಲ್ಲಿ ನಿಂತರು ಎಂದು ನೋಡುವ ಕಣ್ಣು ಇನ್ನೂ ಬಂದಿರುವುದಿಲ್ಲ. ಮೊದಲ ವರ್ಷದ ಬಹುಪಾಲು ತೊಂದರೆಗಳಿಗೆ, ತರಗತಿಯ ಗದ್ದಲವೂ ಸೇರಿದಂತೆ, ಮೂಲ ಇಲ್ಲಿದೆ. ಕಲಿಸಿದ್ದಕ್ಕೂ ಕಲಿತದ್ದಕ್ಕೂ ನಡುವಿನ ಅಂತರವನ್ನು ದಿನವೂ ಅಳೆಯುವ ಅಭ್ಯಾಸ ಕೈಗೂಡಿದರೆ ಪಾಠ ಯೋಜನೆ, ಪ್ರಶ್ನೆ ಕೇಳುವ ಬಗೆ, ಶಿಸ್ತು, ಕೊನೆಗೆ ವೃತ್ತಿಯ ಬೆಳವಣಿಗೆ ಕೂಡ ಅದರ ಸುತ್ತ ಕ್ರಮವಾಗಿ ಹೊಂದಿಕೊಳ್ಳುತ್ತವೆ.

ಜೂನ್ ತಿಂಗಳ ಸೇತುಬಂಧ

ಶೈಕ್ಷಣಿಕ ವರ್ಷ ಆರಂಭವಾದೊಡನೆ ಕರ್ನಾಟಕದ ಶಾಲೆಗಳಲ್ಲಿ ಸೇತುಬಂಧ ನಡೆಯುತ್ತದೆ. ಹಿಂದಿನ ತರಗತಿಯ ಸಾಮರ್ಥ್ಯಗಳು ಮಗುವಿನಲ್ಲಿ ಎಷ್ಟು ಉಳಿದಿವೆ ಎಂದು ನೈದಾನಿಕ ಪರೀಕ್ಷೆಯಿಂದ ತಿಳಿದು, ಕೊರತೆ ಕಂಡಲ್ಲಿ ಪರಿಹಾರ ಬೋಧನೆ ಮಾಡಿ, ಸಾಫಲ್ಯ ಪರೀಕ್ಷೆಯೊಂದಿಗೆ ಮುಗಿಸುವ ಕ್ರಮ ಇದು. ಯೋಚನೆ ಬಹಳ ಒಳ್ಳೆಯದು. ಆದರೆ ಅನೇಕ ಕಡೆ ಇದು ಅಂಕಪಟ್ಟಿ ತುಂಬಿ ಕಡತದಲ್ಲಿ ಸೇರಿಸುವ ಕೆಲಸವಾಗಿ ಮುಗಿದುಹೋಗುತ್ತದೆ, ಏಕೆಂದರೆ ಮಗು ಹತ್ತಕ್ಕೆ ನಾಲ್ಕು ಪಡೆಯಿತು ಎಂಬ ಅಂಕಿಯಿಂದ ನಾಳೆ ಬೆಳಿಗ್ಗೆ ಆ ಮಗುವಿಗೆ ಏನು ಕಲಿಸಬೇಕು ಎಂಬುದು ಗೊತ್ತಾಗುವುದಿಲ್ಲ. ಹೊಸ ಶಿಕ್ಷಕರು ಇಲಾಖೆ ಕೇಳಿದ ಪಟ್ಟಿಯನ್ನು ತುಂಬಿಕೊಡಲಿ. ಜೊತೆಗೆ ತಮಗಾಗಿಯೇ ಇನ್ನೊಂದು ಪಟ್ಟಿ ಮಾಡಿಕೊಳ್ಳಬೇಕು.

ಕನ್ನಡ ಓದಿನ ಮಟ್ಟ ತಿಳಿಯಲು ಒಂದು ಹಾಳೆ ಸಾಕು. ಅದರ ಮೊದಲ ಸಾಲಿನಲ್ಲಿ ಗುಣಿತವೂ ಒತ್ತೂ ಇಲ್ಲದ ಪದಗಳಿರಲಿ: ಮರ, ಅರಸ, ಗರಗಸ. ಎರಡನೆಯ ಸಾಲಿನಲ್ಲಿ ಗುಣಿತಾಕ್ಷರದ ಪದಗಳು: ಗಿಡ, ತೋಟ, ಮೋಡ, ಕೌದಿ. ಮೂರನೆಯದರಲ್ಲಿ ಸಜಾತೀಯ ಒತ್ತಿನವು, ಅಂದರೆ ಅಕ್ಷರಕ್ಕೆ ಅದೇ ಅಕ್ಷರದ ಒತ್ತು ಇರುವವು: ಅಪ್ಪ, ಬೆಲ್ಲ, ಹಕ್ಕಿ. ನಾಲ್ಕನೆಯದರಲ್ಲಿ ಬೇರೆ ಅಕ್ಷರದ ಒತ್ತು ಇರುವ ವಿಜಾತೀಯ ಒತ್ತಿನವು ಮತ್ತು ಅರ್ಕಾವೊತ್ತಿನವು: ಪುಸ್ತಕ, ಚಂದ್ರ, ಸೂರ್ಯ, ಕರ್ನಾಟಕ. ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಪಕ್ಕಕ್ಕೆ ಕರೆದು ಎರಡು ನಿಮಿಷ ಓದಿಸಿದರೆ ಎರಡು ಮೂರು ದಿನಗಳಲ್ಲಿ ಇಡೀ ತರಗತಿಯ ಚಿತ್ರ ಸಿಗುತ್ತದೆ. ನಾಲ್ಕನೇ ತರಗತಿಗೆ ಬಂದ ಮಗುವಿನ ಮೇಲೆ ‘ಓದಲು ಬರುವುದಿಲ್ಲ’ ಎಂಬ ಹಣೆಪಟ್ಟಿ ಇದ್ದರೂ ಅದು ಮೂರನೆಯ ಸಾಲಿನವರೆಗೆ ಸಲೀಸಾಗಿ ಬಂದು ನಾಲ್ಕನೆಯದರಲ್ಲಿ ಮಾತ್ರ ತಡವರಿಸುತ್ತಿರಬಹುದು. ಉಳಿದ ಒತ್ತಕ್ಷರಗಳಲ್ಲಿ ಮೇಲಿನದನ್ನು ಮೊದಲು, ಕೆಳಗಿನದನ್ನು ಆಮೇಲೆ ಉಚ್ಚರಿಸುತ್ತೇವೆ. ಅರ್ಕಾವೊತ್ತಿನಲ್ಲಿ ಮಾತ್ರ ಮೊದಲು ಉಚ್ಚರಿಸಬೇಕಾದ ರಕಾರ ಅಕ್ಷರದ ನಂತರ ಬರುತ್ತದೆ. ಇದನ್ನು ಯಾರೂ ಬಿಡಿಸಿ ಹೇಳದ ಮಗು ಕರ್ನಾಟಕವನ್ನು ‘ಕನ್ರಾಟಕ’ ಎಂದು ಓದುತ್ತದೆ. ಅದಕ್ಕೆ ಬೇಕಾದದ್ದು ಒಂದು ವಾರದ ಅಭ್ಯಾಸ. ಅ, ಆ, ಇ, ಈಯಿಂದ ಮತ್ತೆ ಆರಂಭಿಸಿದರೆ ಅದರ ಸಮಯವೂ ಹಾಳು, ಉತ್ಸಾಹವೂ ಹಾಳು.

ಬರವಣಿಗೆಯ ತಪ್ಪುಗಳನ್ನೂ ಹೀಗೆಯೇ ವಿಂಗಡಿಸಿ ನೋಡಬೇಕು. ಮೈಸೂರು, ಮಂಡ್ಯದ ಕಡೆ ಮನೆಯ ಮಾತಿನಲ್ಲಿ ಪದದ ಮೊದಲ ಹಕಾರ ಬಿದ್ದುಹೋಗುವುದುಂಟು. ಅಲ್ಲಿಯ ಮಗು ‘ಹಾಲು’ ಎನ್ನುವುದನ್ನು ‘ಆಲು’ ಎಂದು ಬರೆದರೆ ತನ್ನ ಕಿವಿಗೆ ಬಿದ್ದದ್ದನ್ನು ಅದು ಸರಿಯಾಗಿಯೇ ಬರೆದಿದೆ. ಅಕ್ಷರ ಗೊತ್ತಿಲ್ಲದ ಮಗುವಿನ ತಪ್ಪಿಗೂ ಇದಕ್ಕೂ ಚಿಕಿತ್ಸೆ ಬೇರೆ ಬೇರೆ. ವಿಜಯಪುರ, ಕಲಬುರಗಿಯ ತಾಂಡಾಗಳಲ್ಲಿ ಮಕ್ಕಳ ಮನೆಮಾತು ಲಂಬಾಣಿ, ಕರಾವಳಿಯಲ್ಲಿ ತುಳು, ಕೊಂಕಣಿ ಅಥವಾ ಬ್ಯಾರಿ, ಕೋಲಾರದ ಕಡೆ ತೆಲುಗು, ಊರೂರಲ್ಲೂ ಉರ್ದು. ಇಂಥ ತರಗತಿಯಲ್ಲಿ ಮಗು ಮೌನವಾಗಿದ್ದರೆ ಅದಕ್ಕೆ ವಿಷಯ ತಿಳಿದಿಲ್ಲವೋ, ವಿಷಯವನ್ನು ಹೇಳುವ ಕನ್ನಡ ಪದ ತಿಳಿದಿಲ್ಲವೋ ಎಂಬುದನ್ನು ಮೊದಲು ಬೇರ್ಪಡಿಸಿಕೊಳ್ಳಬೇಕು. ಮನೆಮಾತಿನಲ್ಲೇ ಉತ್ತರ ಹೇಳಲು ಬಿಟ್ಟು, ಅದೇ ಮಾತಿನ ಇನ್ನೊಬ್ಬ ವಿದ್ಯಾರ್ಥಿಯಿಂದ ಕನ್ನಡದಲ್ಲಿ ಹೇಳಿಸಿದರೆ ಎರಡೂ ಸ್ಪಷ್ಟವಾಗುತ್ತವೆ. ಶಿಕ್ಷಕರು ಆ ಭಾಷೆಯ ಐವತ್ತು ಪದಗಳನ್ನು ಕಲಿತುಕೊಂಡರೂ ಮಕ್ಕಳೊಡನೆಯ ಸಂಬಂಧವೇ ಬದಲಾಗುತ್ತದೆ.

ತಪ್ಪು ಉತ್ತರದ ಒಳಗೆ ಏನಿದೆ

ಗಣಿತದ ಒಂದು ಉದಾಹರಣೆಯನ್ನು ಸ್ವಲ್ಪ ವಿವರವಾಗಿ ನೋಡುವುದು ಒಳ್ಳೆಯದು, ಏಕೆಂದರೆ ಮಗುವಿನ ಯೋಚನೆಯನ್ನು ಓದುವುದು ಎಂದರೇನು ಎಂಬುದು ಇಲ್ಲಿ ಬಹಳ ಸ್ಪಷ್ಟವಾಗಿ ಕಾಣುತ್ತದೆ. ನಾಲ್ಕನೇ ತರಗತಿಯ ಇಬ್ಬರು ಮಕ್ಕಳು 52ರಿಂದ 27ನ್ನು ಕಳೆದು 35 ಎಂದು ಬರೆದಿದ್ದಾರೆ ಎನ್ನೋಣ. ಕೆಂಪು ಪೆನ್ನಿನಲ್ಲಿ ತಪ್ಪು ಗುರುತು ಹಾಕಿ 25 ಎಂದು ಬರೆದುಕೊಟ್ಟರೆ ಪುಸ್ತಕ ತಿದ್ದಿದಂತಾಯಿತು. ಮಕ್ಕಳಿಗೆ ಸಿಕ್ಕಿದ್ದು ಏನೂ ಇಲ್ಲ. ‘ಹೇಗೆ ಮಾಡಿದೆ, ಹೇಳು’ ಎಂದು ಇಬ್ಬರನ್ನೂ ಕೇಳಿದರೆ ಕಥೆ ಬೇರೆಯೇ ಇರುತ್ತದೆ. ಮೊದಲನೆಯ ಮಗು ಬಿಡಿ ಸ್ಥಾನದಲ್ಲಿ 2 ಮತ್ತು 7ನ್ನು ನೋಡಿ, ‘ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕು’ ಎಂದು ಹಿಂದೆಂದೋ ತರಗತಿಯಲ್ಲೇ ಕೇಳಿದ ಮಾತನ್ನು ಚಾಚೂ ತಪ್ಪದೆ ಪಾಲಿಸಿ 7ರಿಂದ 2 ಕಳೆದು 5 ಬರೆದಿದೆ. ಎರಡನೆಯ ಮಗುವಿಗೆ ದಶಕ ತೆಗೆದುಕೊಳ್ಳುವುದು ಗೊತ್ತು. 12ರಿಂದ 7 ಕಳೆದು 5 ಬರೆದಿದೆ, ಆದರೆ ಹತ್ತರ ಸ್ಥಾನದ 5ನ್ನು 4 ಮಾಡುವುದನ್ನು ಮರೆತು 5ರಿಂದಲೇ 2 ಕಳೆದಿದೆ. ಉತ್ತರ ಒಂದೇ, ತಪ್ಪು ಎರಡು ಬಗೆಯದು.

ಮೊದಲನೆಯ ಮಗುವಿಗೆ ಸ್ಥಾನಬೆಲೆಯೇ ತಿಳಿದಿಲ್ಲ. 52 ಎನ್ನುವುದು ಅದರ ಪಾಲಿಗೆ ಪಕ್ಕಪಕ್ಕ ನಿಂತ ಎರಡು ಬೇರೆ ಅಂಕಿಗಳು. ಹತ್ತತ್ತು ಕಡ್ಡಿಗಳ ಐದು ಕಂತೆ ಮತ್ತು ಎರಡು ಬಿಡಿ ಕಡ್ಡಿಗಳನ್ನು ಅದರ ಕೈಗೆ ಕೊಟ್ಟು ಅದರಿಂದ ಇಪ್ಪತ್ತೇಳನ್ನು ತೆಗೆಯಲು ಹೇಳಬೇಕು. ಬಿಡಿ ಕಡ್ಡಿ ಸಾಲದೆ ಒಂದು ಕಂತೆಯನ್ನು ಬಿಚ್ಚಲೇಬೇಕಾದಾಗ ದಶಕ ತೆಗೆದುಕೊಳ್ಳುವುದೆಂದರೇನು ಎಂಬುದು ಕೈಗೆ ತಿಳಿಯುತ್ತದೆ. ಕಡ್ಡಿಯೊಂದಿಗೆ ಹಲವು ದಿನ ಮಾಡಿದ ಮೇಲೆ ಅದನ್ನೇ ಬರಹದಲ್ಲಿ ಗುರುತಿಸಬೇಕು. ಎರಡನೆಯ ಮಗುವಿಗೆ ಕಡ್ಡಿಯ ಅಗತ್ಯವಿಲ್ಲ, 5ನ್ನು ಅಡ್ಡಗೆರೆ ಎಳೆದು 4 ಎಂದು ಬರೆಯುವ ರೂಢಿ ಸಾಕು. ಇಬ್ಬರಿಗೂ ಒಂದೇ ಪಾಠವನ್ನು ಮತ್ತೊಮ್ಮೆ ಜೋರಾಗಿ ಹೇಳಿದರೆ ಒಬ್ಬರಿಗೆ ಅರ್ಥವಾಗುವುದಿಲ್ಲ, ಇನ್ನೊಬ್ಬರಿಗೆ ಬೇಸರ ಬರುತ್ತದೆ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. 52ರ ಬದಲು 53ರಿಂದ 27 ಕಳೆಯಿರಿ ಎಂದು ಕೊಟ್ಟಿದ್ದರೆ ಮೊದಲ ಬಗೆಯ ತಪ್ಪಿಗೆ 34, ಎರಡನೆಯ ಬಗೆಯ ತಪ್ಪಿಗೆ 36 ಬರುತ್ತಿತ್ತು. ಸರಿ ಉತ್ತರ 26. ಪುಸ್ತಕ ತಿರುವಿದೊಡನೆಯೇ ಯಾವ ಮಗು ಎಲ್ಲಿ ಎಡವಿದೆ ಎಂಬುದು ಶಿಕ್ಷಕರಿಗೆ ಗೊತ್ತಾಗುತ್ತಿತ್ತು. ಲೆಕ್ಕ ಆರಿಸುವುದರಲ್ಲೂ ವೃತ್ತಿ ಕೌಶಲ ಇದೆ ಎಂಬುದನ್ನು ತರಬೇತಿಗಳಲ್ಲಿ ಯಾರೂ ಅಷ್ಟಾಗಿ ಹೇಳುವುದಿಲ್ಲ. ಹಿರಿಯ ತರಗತಿಗಳಲ್ಲೂ ಇದು ಅನ್ವಯಿಸುತ್ತದೆ: 0.7 ಮತ್ತು 0.35ರಲ್ಲಿ ಯಾವುದು ದೊಡ್ಡದು ಎಂದು ಕೇಳಿದರೆ ದಶಮಾಂಶವನ್ನು ಪೂರ್ಣಸಂಖ್ಯೆಯಂತೆ ಓದುವ ಮಗು ಸಿಕ್ಕಿಬೀಳುತ್ತದೆ, 0.7 ಮತ್ತು 0.3 ಎಂದು ಕೇಳಿದರೆ ಅದೇ ಮಗು ಸರಿ ಉತ್ತರ ಹೇಳಿ ತಪ್ಪಿಸಿಕೊಳ್ಳುತ್ತದೆ.

‘ಅರ್ಥವಾಯಿತೇ?’ ಎಂಬ ಪ್ರಶ್ನೆಯ ತೊಂದರೆ

ಪಾಠದ ನಡುನಡುವೆ ‘ಅರ್ಥ ಆಯ್ತಾ?’ ಎಂದು ಕೇಳುವುದು, ಇಡೀ ತರಗತಿ ಒಕ್ಕೊರಲಿನಿಂದ ‘ಆಯ್ತು ಸಾರ್’ ಎನ್ನುವುದು ನಮ್ಮ ಶಾಲೆಗಳಲ್ಲಿ ಎಷ್ಟು ರೂಢಿಯಾಗಿದೆ ಎಂದರೆ ಅದು ಪ್ರಶ್ನೆಯೂ ಅಲ್ಲ, ಉತ್ತರವೂ ಅಲ್ಲ. ಮೇಷ್ಟ್ರು ‘ಹತ್ತು ಹತ್ತು...’ ಎಂದು ಎಳೆದು ನಿಲ್ಲಿಸಿದರೆ ಮಕ್ಕಳು ‘ನೂರು’ ಎಂದು ಮುಗಿಸುವ ಸಾಮೂಹಿಕ ಉತ್ತರವೂ ಅಷ್ಟೆ. ಮಗ್ಗಿ, ಪದ್ಯ, ಉಚ್ಚಾರಣೆಯ ಅಭ್ಯಾಸಕ್ಕೆ ಒಕ್ಕೊರಲು ಒಳ್ಳೆಯ ಸಾಧನವೇ ಹೌದು. ತಿಳಿವಳಿಕೆಯನ್ನು ಅಳೆಯಲು ಅದು ಬಾರದು, ಏಕೆಂದರೆ ಗೊತ್ತಿಲ್ಲದ ಮಗು ಅದರೊಳಗೆ ಸುಖವಾಗಿ ಅಡಗಿಕೊಳ್ಳಬಲ್ಲದು.

ಪ್ರಶ್ನೆ ಕೇಳಿದ ಮೇಲೆ ಎಷ್ಟು ಹೊತ್ತು ಕಾಯಬೇಕು ಎಂಬುದರ ಬಗ್ಗೆ ಅಮೆರಿಕದ ವಿಜ್ಞಾನ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ಮಹತ್ವದ ಅಧ್ಯಯನಗಳನ್ನು ಪ್ರಕಟಿಸಿದರು. ಶಿಕ್ಷಕರು ಸಾಮಾನ್ಯವಾಗಿ ಒಂದು ಸೆಕೆಂಡಿನಷ್ಟೇ ಕಾದು, ಉತ್ತರ ಬಾರದಿದ್ದರೆ ಬೇರೊಬ್ಬರನ್ನು ಕೇಳುವುದೋ ತಾವೇ ಉತ್ತರ ಹೇಳುವುದೋ ಮಾಡುತ್ತಿದ್ದರು. ಆ ಕಾಯುವಿಕೆಯನ್ನು ಮೂರು ಸೆಕೆಂಡಿಗೆ ಹೆಚ್ಚಿಸಿದಾಗ ಮಕ್ಕಳ ಉತ್ತರಗಳು ಉದ್ದವಾದವು, ಉತ್ತರಿಸುವ ಮಕ್ಕಳು ಹೆಚ್ಚಿದರು, ‘ಗೊತ್ತಿಲ್ಲ’ ಎಂಬ ಉತ್ತರ ಕಡಿಮೆಯಾಯಿತು. ಮೂರು ಸೆಕೆಂಡು ಎಂದರೆ ಹೇಳಲು ಸುಲಭ. ಹೊಸ ಶಿಕ್ಷಕರಿಗೆ ಆ ಮೌನ ಬಹಳ ದೀರ್ಘವೆನಿಸಿ, ತರಗತಿ ಕೈತಪ್ಪಿತೆಂಬ ಭಯ ಹುಟ್ಟಿಸುತ್ತದೆ. ಮೊದಲು ಪ್ರಶ್ನೆ, ಆಮೇಲೆ ಮೌನ, ಕೊನೆಗೆ ಹೆಸರು ಎಂಬ ಕ್ರಮ ಇಟ್ಟುಕೊಂಡರೆ ಇದು ಸಾಧ್ಯವಾಗುತ್ತದೆ. ‘ಮಂಜುನಾಥ, ನೀನು ಹೇಳು, ನೀರು ಆವಿಯಾಗುವುದು ಯಾವಾಗ?’ ಎಂದು ಹೆಸರನ್ನು ಮೊದಲೇ ಕರೆದರೆ ಉಳಿದವರೆಲ್ಲ ಆ ಕ್ಷಣಕ್ಕೆ ರಜೆ ಪಡೆಯುತ್ತಾರೆ.

ಇದಕ್ಕಿಂತಲೂ ಪರಿಣಾಮಕಾರಿಯಾದ ಸಾಧನ ಸ್ಲೇಟು. ಪ್ರಶ್ನೆ ಕೇಳಿ, ಎಲ್ಲರೂ ಸ್ಲೇಟಿನಲ್ಲಿ ಬರೆದು, ಹೇಳಿದಾಗ ಒಮ್ಮೆಗೇ ಎತ್ತಿ ಹಿಡಿಯಲು ಹೇಳಿದರೆ ಹತ್ತು ಸೆಕೆಂಡಿನಲ್ಲಿ ಇಡೀ ತರಗತಿಯ ಸ್ಥಿತಿ ಕಣ್ಣೆದುರಿಗೆ ಬರುತ್ತದೆ. ಅರ್ಧಕ್ಕಿಂತ ಹೆಚ್ಚು ಸ್ಲೇಟುಗಳಲ್ಲಿ ತಪ್ಪಿದ್ದರೆ ಪಾಠವನ್ನು ಬೇರೆ ರೀತಿಯಲ್ಲಿ ಹೇಳಬೇಕು. ನಾಲ್ಕೈದರಲ್ಲಿ ಮಾತ್ರ ತಪ್ಪಿದ್ದರೆ ಉಳಿದವರಿಗೆ ಅಭ್ಯಾಸ ಕೊಟ್ಟು ಆ ನಾಲ್ಕೈದು ಮಕ್ಕಳ ಬಳಿ ಹೋಗಿ ಕೂರಬೇಕು. ಹಾಗೆಯೇ ನೆನ್ನೆಯ ಪಾಠದಲ್ಲಿ ನೆನಪಿರುವುದನ್ನು ಪುಸ್ತಕ ನೋಡದೆ ಬರೆಯಿರಿ ಎಂದು ದಿನದ ಮೊದಲ ಐದು ನಿಮಿಷ ಕೊಡುವುದು ಎರಡು ಕೆಲಸ ಮಾಡುತ್ತದೆ. ಒಂದು, ಶಿಕ್ಷಕರಿಗೆ ಮಾಹಿತಿ ಸಿಗುತ್ತದೆ. ಎರಡನೆಯದು, ನೆನಪಿಸಿಕೊಳ್ಳುವ ಪ್ರಯತ್ನವೇ ನೆನಪನ್ನು ಗಟ್ಟಿಮಾಡುತ್ತದೆ. ಮನೋವಿಜ್ಞಾನಿಗಳಾದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಪಠ್ಯವನ್ನು ಮತ್ತೆ ಮತ್ತೆ ಓದಿದವರಿಗಿಂತ ಓದಿದ್ದನ್ನು ನೆನಪಿನಿಂದ ಬರೆದವರು ಒಂದು ವಾರದ ನಂತರ ಹೆಚ್ಚು ನೆನಪಿಟ್ಟುಕೊಂಡಿದ್ದರು.

ಪುಸ್ತಕ ತಿದ್ದುವ ವಿಷಯಕ್ಕೆ ಬಂದರೆ, ಪ್ರತಿ ಪುಟಕ್ಕೂ ಸಹಿ ಮಾಡುವುದರಲ್ಲಿ ಹೊಸ ಶಿಕ್ಷಕರ ಸಂಜೆಗಳು ಕರಗಿಹೋಗುತ್ತವೆ. ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನದಡಿ ನಮ್ಮಲ್ಲಿ ವರ್ಷಕ್ಕೆ ನಾಲ್ಕು ರೂಪಣಾತ್ಮಕ ಮತ್ತು ಎರಡು ಸಂಕಲನಾತ್ಮಕ ಮೌಲ್ಯಮಾಪನಗಳಿವೆ. ಸಂಕಲನಾತ್ಮಕ ಎಂದರೆ ಕಲಿಕೆಯ ಒಂದು ಅವಧಿ ಮುಗಿದ ಮೇಲೆ ಒಟ್ಟಾರೆ ಅಳೆಯುವುದು; ರೂಪಣಾತ್ಮಕ ಎಂದರೆ ಕಲಿಕೆ ನಡೆಯುತ್ತಿರುವಾಗಲೇ ಅದನ್ನು ತಿದ್ದಿ ರೂಪಿಸುವುದಕ್ಕೆ ಮಾಡುವ ಮೌಲ್ಯಮಾಪನ. ಅದನ್ನು ಮತ್ತೊಂದು ಕಿರುಪರೀಕ್ಷೆಯಾಗಿಸಿ ಅಂಕ ಕೂಡಿಸಿದರೆ ಉದ್ದೇಶವೇ ಹೋಯಿತು. ಸಂಶೋಧಕಿ ರೂತ್ ಬಟ್ಲರ್ 1988ರಲ್ಲಿ ಇಸ್ರೇಲಿನ ಶಾಲಾ ಮಕ್ಕಳ ಮೇಲೆ ನಡೆಸಿದ ಅಧ್ಯಯನದಲ್ಲಿ ಬರೀ ಟಿಪ್ಪಣಿ ಪಡೆದ ಮಕ್ಕಳು ಸುಧಾರಿಸಿದರು. ಅಂಕ ಮಾತ್ರ ಪಡೆದವರಿಗೂ, ಅಂಕ ಮತ್ತು ಟಿಪ್ಪಣಿ ಎರಡನ್ನೂ ಪಡೆದವರಿಗೂ ಅಂಥ ಲಾಭ ಆಗಲಿಲ್ಲ. ಆದ್ದರಿಂದ ದಿನಕ್ಕೆ ಏಳೆಂಟು ಪುಸ್ತಕಗಳನ್ನಷ್ಟೇ ತೆಗೆದುಕೊಂಡು, ಪ್ರತಿಯೊಂದರಲ್ಲೂ ಮಗು ಮುಂದೆ ಮಾಡಬೇಕಾದ ಒಂದೇ ಒಂದು ಕೆಲಸವನ್ನು ಬರೆದುಕೊಟ್ಟು, ಮರುದಿನ ಅದನ್ನು ಮಾಡಲು ತರಗತಿಯಲ್ಲೇ ಸಮಯ ಕೊಡುವುದು ಮೂವತ್ತು ಪುಸ್ತಕಗಳಿಗೆ ‘ನೋಡಿದೆ’ ಎಂದು ಸಹಿ ಮಾಡುವುದಕ್ಕಿಂತ ಮೇಲು.

ಗದ್ದಲ ಮತ್ತು ಬೆತ್ತ

ಶಿಸ್ತಿನ ವಿಷಯದಲ್ಲಿ ಕಾನೂನು ಸ್ಪಷ್ಟವಾಗಿದೆ. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಮಗುವಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸುತ್ತದೆ. ಉಲ್ಲಂಘಿಸಿದವರು ಸೇವಾ ನಿಯಮಗಳ ಪ್ರಕಾರ ಶಿಸ್ತುಕ್ರಮಕ್ಕೆ ಒಳಗಾಗುತ್ತಾರೆ. ‘ನಿನ್ನಂಥವನಿಗೆ ದನ ಕಾಯುವುದೇ ಸರಿ’ ಎಂಬ ಮಾತಿಗೂ ಈ ಕಲಂ ಅನ್ವಯಿಸುತ್ತದೆ ಎಂಬುದನ್ನು ಅನೇಕ ಹಿರಿಯರೂ ಮರೆತಿರುತ್ತಾರೆ. ‘ಎರಡು ಬಿಟ್ಟರೆ ಸರಿಹೋಗುತ್ತಾನೆ’ ಎಂದು ಪೋಷಕರೇ ಬಂದು ಹೇಳಿದರೂ ಶಿಕ್ಷಕರಿಗೆ ಆ ಅಧಿಕಾರ ಇಲ್ಲ.

ಬೆತ್ತದ ಜಾಗಕ್ಕೆ ಬರಬೇಕಾದದ್ದು ದಿನಚರಿ. ಮೊದಲ ಎರಡು ವಾರ ಪಾಠದಷ್ಟೇ ಶ್ರದ್ಧೆಯಿಂದ ಇದನ್ನು ಕಲಿಸಬೇಕು: ಒಳಗೆ ಬಂದೊಡನೆ ಹಲಗೆಯ ಮೇಲೆ ಬರೆದಿರುವ ಕೆಲಸ ಆರಂಭಿಸುವುದು, ಪುಸ್ತಕ ಹಂಚುವ ಸರದಿ, ಶಿಕ್ಷಕರು ಕೈ ಎತ್ತಿದಾಗ ಎಲ್ಲರೂ ಕೈ ಎತ್ತಿ ಮೌನವಾಗುವುದು, ಕೆಲಸ ಬೇಗ ಮುಗಿಸಿದವರು ಮುಂದೆ ಏನು ಮಾಡಬೇಕು ಎಂಬುದು. ಗದ್ದಲ ಹುಟ್ಟುವುದು ಹೆಚ್ಚಾಗಿ ಒಂದು ಚಟುವಟಿಕೆ ಮುಗಿದು ಇನ್ನೊಂದು ಆರಂಭವಾಗುವ ಮಧ್ಯೆ ಮತ್ತು ಬಿಸಿಯೂಟ ಮುಗಿದ ಮೇಲಿನ ಮೊದಲ ಪೀರಿಯಡಿನಲ್ಲಿ. ಆ ಹೊತ್ತಿಗೆ ಉಪನ್ಯಾಸ ಇಡದೆ ಕೈಕೆಲಸ, ಗುಂಪು ಕೆಲಸ, ಹಾಡು ಅಥವಾ ನಕ್ಷೆ ಬಿಡಿಸುವುದನ್ನು ಇಟ್ಟುಕೊಳ್ಳುವವರು ಅರ್ಧ ಜಗಳವನ್ನು ಮೊದಲೇ ತಪ್ಪಿಸಿರುತ್ತಾರೆ. ಉಳಿದ ಅರ್ಧದಲ್ಲಿ ಮತ್ತೆ ಮೊದಲಿನ ಮಾತಿಗೇ ಬರಬೇಕಾಗುತ್ತದೆ: ಪದೇ ಪದೇ ತಂಟೆ ಮಾಡುವ ಮಗುವಿಗೆ ಕೊಟ್ಟ ಕೆಲಸ ಅದರ ಮಟ್ಟಕ್ಕಿಂತ ಬಹಳ ಮೇಲಿರುತ್ತದೆ ಅಥವಾ ಬಹಳ ಕೆಳಗಿರುತ್ತದೆ. ಓದಲು ಬಾರದ ಮಗುವಿಗೆ ನಲವತ್ತು ನಿಮಿಷ ಸಮಾಜ ವಿಜ್ಞಾನದ ಪುಸ್ತಕ ಹಿಡಿದು ಕುಳಿತಿರು ಎಂದರೆ ಅದು ಪಕ್ಕದವನನ್ನು ಚಿವುಟದೆ ಇನ್ನೇನು ಮಾಡೀತು?

ಒಂದು ಕೋಣೆ, ಹಲವು ತರಗತಿ

ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯ ಪ್ರಕಾರ ಒಂದರಿಂದ ಐದನೇ ತರಗತಿಯವರೆಗೆ ಅರವತ್ತು ಮಕ್ಕಳವರೆಗೆ ಇಬ್ಬರು ಶಿಕ್ಷಕರು. ಐದು ತರಗತಿ, ಇಬ್ಬರು ಶಿಕ್ಷಕರು: ಅಂದರೆ ಸಣ್ಣ ಊರಿನ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಬಹುವರ್ಗ ಬೋಧನೆ, ಅಂದರೆ ಒಬ್ಬರೇ ಹಲವು ತರಗತಿಗಳಿಗೆ ಒಟ್ಟಿಗೆ ಕಲಿಸುವುದು, ತಾತ್ಕಾಲಿಕ ತೊಂದರೆಯಲ್ಲ, ನಿಯಮದ ಲೆಕ್ಕಾಚಾರದಿಂದಲೇ ಹುಟ್ಟುವ ಸ್ಥಿತಿ. ಹೀಗಿದ್ದರೂ ತರಬೇತಿಯ ಪಾಠ ಯೋಜನೆಗಳೆಲ್ಲ ಒಂದು ತರಗತಿಗೆ ಒಬ್ಬ ಶಿಕ್ಷಕರಿದ್ದಾರೆ ಎಂದೇ ಊಹಿಸಿಕೊಂಡಿರುತ್ತವೆ.

ಇದಕ್ಕೆ ಕರ್ನಾಟಕದಲ್ಲೇ ಹುಟ್ಟಿ ಬೆಳೆದ ಉತ್ತರವೊಂದಿದೆ. 1995ರಲ್ಲಿ ಯುನಿಸೆಫ್ ನೆರವಿನೊಂದಿಗೆ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ನಲಿ-ಕಲಿ ಎಂಬ ಚಟುವಟಿಕೆಯ ಮೂಲಕ ಕಲಿಸುವ ಕ್ರಮ ಆರಂಭವಾಯಿತು. ಆಂಧ್ರಪ್ರದೇಶದ ಮದನಪಲ್ಲಿ ಬಳಿಯ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿ ಬಂದ ಸರ್ಕಾರಿ ಶಾಲಾ ಶಿಕ್ಷಕರೇ ಕುಳಿತು ಮಕ್ಕಳ ಕಲಿಕಾ ಕಾರ್ಡುಗಳನ್ನು ರೂಪಿಸಿದರು ಎಂಬುದು ಇದರ ವಿಶೇಷ. ಪಠ್ಯವನ್ನು ಮೈಲಿಗಲ್ಲುಗಳಾಗಿ, ಅವುಗಳನ್ನು ಸಣ್ಣ ಮೆಟ್ಟಿಲುಗಳಾಗಿ ಒಡೆದು ಕಲಿಕಾ ಏಣಿಯಾಗಿ ಜೋಡಿಸಲಾಗಿದೆ. ಅಕ್ಷರಗಳನ್ನು ವರ್ಣಮಾಲೆಯ ಕ್ರಮದಲ್ಲಿ ಕಲಿಸದೆ ರ, ಗ, ಸ, ದ, ಅ ಎಂದು ಆರಂಭಿಸುತ್ತಾರೆ. ಈ ಐದು ಅಕ್ಷರ ಬಂದೊಡನೆ ಮಗು ಸರ, ದರ, ಅರಸ, ಗರಗಸ ಎಂದು ಪದಗಳನ್ನೇ ಓದಬಲ್ಲದು. ಮಕ್ಕಳು ತರಗತಿಯ ಪ್ರಕಾರ ಕೂರುವುದಿಲ್ಲ. ಶಿಕ್ಷಕರ ಪೂರ್ಣ ನೆರವು ಬೇಕಾದವರು, ಭಾಗಶಃ ನೆರವು ಸಾಕಾದವರು, ಸಹಪಾಠಿಯ ನೆರವಿನಿಂದ ಮಾಡುವವರು, ತಾವೇ ಮಾಡಿಕೊಳ್ಳುವವರು ಎಂದು ಕೆಲಸದ ಬಗೆಗೆ ತಕ್ಕಂತೆ ಗುಂಪುಗಳಾಗುತ್ತಾರೆ, ಕೆಲಸ ಮುಗಿದಂತೆ ಗುಂಪು ಬದಲಾಯಿಸುತ್ತಾರೆ.

ನಲಿ-ಕಲಿ ಇರುವುದು ಒಂದರಿಂದ ಮೂರನೇ ತರಗತಿಯವರೆಗೆ. ಆದರೆ ಅದರ ಒಳಗಿನ ತತ್ವವನ್ನು ನಾಲ್ಕು, ಐದಕ್ಕೂ ಒಯ್ಯಬಹುದು. ಎರಡು ತರಗತಿಗಳು ಒಂದೇ ಕೋಣೆಯಲ್ಲಿದ್ದಾಗ ಎರಡಕ್ಕೂ ಸಾಮಾನ್ಯವಾದ ವಿಷಯವನ್ನು, ಉದಾಹರಣೆಗೆ ನೀರು, ಅಳತೆ ಅಥವಾ ಒಂದು ಕಥೆಯನ್ನು ಒಟ್ಟಿಗೆ ಆರಂಭಿಸಿ, ಅಭ್ಯಾಸವನ್ನು ಮಟ್ಟಕ್ಕೆ ತಕ್ಕಂತೆ ಬೇರೆ ಮಾಡಬೇಕು. ಒಂದು ಗುಂಪಿನೊಡನೆ ಕುಳಿತಿರುವಾಗ ಉಳಿದವರು ಸ್ವಂತವಾಗಿ ಮಾಡಬಲ್ಲ ಕೆಲಸ ಹಲಗೆಯ ಮೇಲೆ ಮೊದಲೇ ಇರಬೇಕು. ಬಹುವರ್ಗ ಬೋಧನೆಯಲ್ಲಿ ಯೋಜನೆಯ ಬಹುಪಾಲು ಶ್ರಮ ಹೋಗಬೇಕಾದದ್ದು ಇಲ್ಲಿಗೆ; ಆ ಕೆಲಸ ಬರೀ ನಕಲು ಬರೆಯುವುದಾದರೆ ಮಕ್ಕಳ ವರ್ಷದ ಅರ್ಧ ಭಾಗ ನಕಲಿನಲ್ಲೇ ಕಳೆಯುತ್ತದೆ.

ಪಾಠ ಯೋಜನೆಯ ಬಗ್ಗೆ ಇಲ್ಲಿಯೇ ಒಂದು ಮಾತು. ತೊಡಗಿಸಿಕೊಳ್ಳುವುದು, ಅನ್ವೇಷಿಸುವುದು, ವಿವರಿಸುವುದು, ವಿಸ್ತರಿಸುವುದು, ಮೌಲ್ಯಮಾಪನ ಎಂಬ ಐದು ಹಂತಗಳ ನಮೂನೆ ಈಗ ಎಲ್ಲೆಡೆ ಬಳಕೆಯಲ್ಲಿದೆ ಮತ್ತು ವಾಟ್ಸಾಪಿನಲ್ಲಿ ಸಿದ್ಧವಾಗಿಯೇ ಸಿಗುತ್ತದೆ. ಸಿದ್ಧ ಯೋಜನೆಯನ್ನು ನಕಲು ಮಾಡುವುದರಿಂದ ಕಡತ ಉಳಿಯುತ್ತದೆ, ತರಗತಿ ಉಳಿಯುವುದಿಲ್ಲ. ನಮೂನೆ ಯಾವುದೇ ಇರಲಿ, ಈ ಪೀರಿಯಡ್ ಮುಗಿದಾಗ ಮಗು ಏನನ್ನು ಮಾಡಿ ತೋರಿಸಬೇಕು ಮತ್ತು ಅದು ಎಲ್ಲಿ ಎಡವಬಹುದು ಎಂಬ ಎರಡು ಸಾಲುಗಳನ್ನು ಶಿಕ್ಷಕರು ತಮ್ಮ ಕೈಯಾರೆ ಬರೆದುಕೊಂಡಿದ್ದರೆ ಅದು ನಿಜವಾದ ಯೋಜನೆ. ಕಾಯ್ದೆಯ ಅನುಸೂಚಿ ಶಿಕ್ಷಕರಿಗೆ ವಾರಕ್ಕೆ ಕನಿಷ್ಠ 45 ಗಂಟೆಗಳ ಕೆಲಸವನ್ನು ಹೇಳುವಾಗ ಸಿದ್ಧತೆಯ ಗಂಟೆಗಳನ್ನೂ ಅದರೊಳಗೇ ಸೇರಿಸಿದೆ. ಸಿದ್ಧತೆಯನ್ನು ಕೆಲಸವೆಂದು ಕಾನೂನೇ ಒಪ್ಪಿಕೊಂಡಿದೆ. ಬಿಸಿಯೂಟದ ಲೆಕ್ಕ, ಆನ್‌ಲೈನ್ ಮಾಹಿತಿ, ಸಮೀಕ್ಷೆಗಳ ನಡುವೆ ಆ ಗಂಟೆಗಳು ಎಲ್ಲಿ ಹೋಗುತ್ತವೆ ಎಂಬುದನ್ನು ಶಾಲೆಯಲ್ಲಿ ಎರಡು ದಿನ ಕಳೆದವರಿಗೆ ಹೇಳಬೇಕಾಗಿಲ್ಲ. ಕಾಯ್ದೆಯ 27ನೇ ಕಲಂ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಇವನ್ನು ಬಿಟ್ಟು ಬೇರೆ ಶೈಕ್ಷಣಿಕೇತರ ಕೆಲಸಕ್ಕೆ ಶಿಕ್ಷಕರನ್ನು ನಿಯೋಜಿಸಬಾರದು ಎನ್ನುತ್ತದಾದರೂ, ಹೊಸಬರು ಮೊದಲ ವರ್ಷ ವಾದ ಹೂಡುವ ಬದಲು ಮುಖ್ಯ ಶಿಕ್ಷಕರೊಡನೆ ಮಾತಾಡಿ ಬೆಳಗಿನ ಎರಡು ಪೀರಿಯಡ್‌ಗಳನ್ನಾದರೂ ಬೇರೆ ಕೆಲಸದಿಂದ ಕಾಪಾಡಿಕೊಳ್ಳುವುದು ಜಾಣತನ.

ಬೆಳವಣಿಗೆ ಪ್ರಮಾಣಪತ್ರದಲ್ಲಿಲ್ಲ

ಹೊಸ ಶಿಕ್ಷಕರ ಸುತ್ತ ಸಾಂಸ್ಥಿಕ ನೆರವು ಸಾಕಷ್ಟಿದೆ. ಅಕ್ಕಪಕ್ಕದ ಶಾಲೆಗಳ ಗುಂಪಾದ ಕ್ಲಸ್ಟರಿನಲ್ಲಿ ಸಿಆರ್‌ಪಿ ಎಂಬ ಸಂಪನ್ಮೂಲ ವ್ಯಕ್ತಿ, ತಾಲ್ಲೂಕಿನಲ್ಲಿ ಕ್ಷೇತ್ರ ಸಂಪನ್ಮೂಲ ಕೇಂದ್ರ, ಜಿಲ್ಲೆಯಲ್ಲಿ ಡಯಟ್ ಎಂಬ ಶಿಕ್ಷಣ ಮತ್ತು ತರಬೇತಿ ಸಂಸ್ಥೆ, ರಾಜ್ಯಮಟ್ಟದಲ್ಲಿ ಡಿಎಸ್‌ಇಆರ್‌ಟಿ ಎಂಬ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ ಇವೆ. 2017ರಲ್ಲಿ ಬಂದ ದೀಕ್ಷಾ ಎಂಬ ಆನ್‌ಲೈನ್ ವೇದಿಕೆಯಲ್ಲಿ ಪಠ್ಯಕ್ಕೆ ಹೊಂದುವ ಸಾಮಗ್ರಿ ಇದೆ. 2019ರಲ್ಲಿ ಆರಂಭವಾದ ನಿಷ್ಠಾ ಎಂಬ ಶಿಕ್ಷಕರ ತರಬೇತಿಯ ಕೋರ್ಸುಗಳೂ ಅದರಲ್ಲಿ ಸಿಗುತ್ತವೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿ ಶಿಕ್ಷಕರೂ ವರ್ಷಕ್ಕೆ ಕನಿಷ್ಠ 50 ಗಂಟೆ ವೃತ್ತಿಪರ ಬೆಳವಣಿಗೆಗೆ ಕೊಡಬೇಕೆಂದು ಹೇಳುತ್ತದೆ. ಆದರೆ ವಿಡಿಯೊವನ್ನು ಒಂದು ಕಡೆ ಓಡಲು ಬಿಟ್ಟು ಕೊನೆಯ ರಸಪ್ರಶ್ನೆಗೆ ಉತ್ತರ ಒತ್ತಿ ಪ್ರಮಾಣಪತ್ರ ಇಳಿಸಿಕೊಳ್ಳುವ ಅಭ್ಯಾಸ ಎಷ್ಟು ವ್ಯಾಪಕವಾಗಿದೆ ಎಂಬುದು ಗುಟ್ಟೇನಲ್ಲ. ಮಕ್ಕಳು ಕಲಿಯದೆ ಅಂಕ ಪಡೆದರೆ ನಾವು ಯಾವುದನ್ನು ಬಯ್ಯುತ್ತೇವೆಯೋ ಅದನ್ನೇ ನಾವೂ ಮಾಡುತ್ತಿರುತ್ತೇವೆ.

ಇದಕ್ಕಿಂತ ಹೆಚ್ಚು ಫಲ ಕೊಡುವ ಕ್ರಮವೊಂದು ಜಪಾನಿನ ಶಾಲೆಗಳಲ್ಲಿ ನೂರಕ್ಕೂ ಹೆಚ್ಚು ವರ್ಷಗಳಿಂದ ನಡೆದುಬಂದಿದೆ. ಅಲ್ಲಿ ಕೆಲವು ಶಿಕ್ಷಕರು ಸೇರಿ ಒಂದು ಪಾಠವನ್ನು ಯೋಜಿಸುತ್ತಾರೆ, ಅವರಲ್ಲೊಬ್ಬರು ಪಾಠ ಮಾಡುತ್ತಾರೆ, ಉಳಿದವರು ತರಗತಿಯಲ್ಲಿದ್ದು ಮಕ್ಕಳನ್ನು ಗಮನಿಸುತ್ತಾರೆ. ಪಾಠ ಮಾಡಿದವರಿಗೆ ಅಂಕ ಕೊಡುವುದು ಅವರ ಕೆಲಸವಲ್ಲ. ಯಾವ ಮಗು ಯಾವ ಹಂತದಲ್ಲಿ ಏನು ಬರೆಯಿತು, ಎಲ್ಲಿ ಅಳಿಸಿತು, ಪಕ್ಕದವನನ್ನು ಯಾವಾಗ ನೋಡಿತು ಎಂದು ಬರೆದುಕೊಳ್ಳುತ್ತಾರೆ. ಪಾಠ ಮುಗಿದ ಮೇಲೆ ಆ ಟಿಪ್ಪಣಿಗಳನ್ನಿಟ್ಟುಕೊಂಡು ಪಾಠವನ್ನು ತಿದ್ದುತ್ತಾರೆ. ನಮ್ಮ ಕ್ಲಸ್ಟರ್ ಸಮಾಲೋಚನಾ ಸಭೆಗಳು ಹೆಚ್ಚಾಗಿ ಸುತ್ತೋಲೆ ಓದುವುದರಲ್ಲೂ ಮಾಹಿತಿ ಸಂಗ್ರಹಿಸುವುದರಲ್ಲೂ ಮುಗಿಯುತ್ತವೆಯಾದರೂ, ಅದರಲ್ಲಿ ಅರ್ಧ ಗಂಟೆಯನ್ನು ಇದಕ್ಕೆ ಮೀಸಲಿಡಲು ಯಾವ ಸುತ್ತೋಲೆಯೂ ಬೇಕಿಲ್ಲ. ಒಂದೇ ವಿಷಯ ಕಲಿಸುವ ಮೂವರು ಶಿಕ್ಷಕರು ತಲಾ ನಾಲ್ಕು ಮಕ್ಕಳ ಪುಸ್ತಕ ತಂದು, ಒಂದೇ ಲೆಕ್ಕದಲ್ಲಿ ಅಥವಾ ಒಂದೇ ಪ್ರಬಂಧದಲ್ಲಿ ಮಕ್ಕಳು ಮಾಡಿದ ತಪ್ಪುಗಳನ್ನು ಎದುರಿಗಿಟ್ಟುಕೊಂಡು ಕಾರಣ ಹುಡುಕಿದರೆ ಅದೇ ತರಬೇತಿ. ಶಾಲೆಯೊಳಗೆ ಇನ್ನೂ ಸುಲಭ: ಬಿಡುವಿನ ಪೀರಿಯಡಿನಲ್ಲಿ ಅನುಭವಿ ಸಹೋದ್ಯೋಗಿಯ ಅನುಮತಿ ಪಡೆದು ಅವರ ತರಗತಿಯ ಮೂಲೆಯಲ್ಲಿ ಕುಳಿತು, ನಿಮ್ಮ ತರಗತಿಯಲ್ಲಿ ತಂಟೆ ಮಾಡುವ ಅದೇ ಮಗು ಅಲ್ಲಿ ಏನು ಮಾಡುತ್ತಿದೆ ಎಂದು ನೋಡಿ. ಹಿರಿಯರು ‘ಬನ್ನಿ ಸಾರ್, ನಮ್ಮ ಪಾಠದಲ್ಲಿ ನೋಡುವುದೇನಿದೆ’ ಎಂದು ಸಂಕೋಚಪಡಬಹುದು. ಮಗುವನ್ನು ನೋಡಲು ಬಂದಿದ್ದೇನೆ ಎಂದರೆ ಆ ಸಂಕೋಚ ಹೋಗುತ್ತದೆ.

ಇದರ ಜೊತೆಗೆ ಒಂದು ನೋಟ್‌ಬುಕ್ ಇಟ್ಟುಕೊಳ್ಳುವುದು ಒಳ್ಳೆಯದು. ದಿನಚರಿ ಎಂದು ಇಲಾಖೆ ಕೇಳುವ ಪುಸ್ತಕ ಇದಲ್ಲ. ಇದರಲ್ಲಿ ದಿನಕ್ಕೆ ಮೂರು ನಾಲ್ಕು ಸಾಲು ಸಾಕು: ಇಂದು ಯಾವ ಪ್ರಶ್ನೆಗೆ ಎಷ್ಟು ಸ್ಲೇಟುಗಳಲ್ಲಿ ತಪ್ಪಿತ್ತು, ಯಾವ ಉದಾಹರಣೆ ಹಿಡಿಯಿತು, ಯಾರು ಇಡೀ ದಿನ ಮಾತಾಡಲಿಲ್ಲ. ವಾರಾಂತ್ಯದಲ್ಲಿ ತರಗತಿಯ ಎಲ್ಲ ಹೆಸರುಗಳನ್ನು ನೆನಪಿನಿಂದ ಬರೆದು ನೋಡಿದರೆ ಎರಡು ಮೂರು ಹೆಸರುಗಳು ಕೊನೆಗೂ ನೆನಪಾಗುವುದಿಲ್ಲ. ಶಿಕ್ಷಕರ ಗಮನಕ್ಕೇ ಬಾರದೆ ವಾರ ಕಳೆದ ಮಕ್ಕಳು ಅವರೇ. ಸೋಮವಾರದ ಕೆಲಸ ಅವರಿಂದ ಆರಂಭವಾಗಬೇಕು.

ಪೋಷಕರೊಡನೆಯ ಮಾತುಕತೆಗೂ ಈ ನೋಟ್‌ಬುಕ್ಕೇ ಆಧಾರ. 2001ರಿಂದ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಇರುವ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಾಗಲಿ, ಮಗುವನ್ನು ಬಿಡಲು ಗೇಟಿನ ತನಕ ಬಂದ ತಾಯಿಯ ಬಳಿಯಲ್ಲಾಗಲಿ ‘ನಿಮ್ಮ ಮಗ ಓದುವುದಿಲ್ಲ’ ಎಂಬ ಮಾತಿನಿಂದ ಏನೂ ಹುಟ್ಟುವುದಿಲ್ಲ. ‘ಅಮ್ಮಾ, ಒತ್ತಕ್ಷರ ಒಂದು ಬಿಟ್ಟು ಉಳಿದದ್ದೆಲ್ಲ ಓದುತ್ತಾನೆ, ರಾತ್ರಿ ಹತ್ತು ನಿಮಿಷ ಈ ಹಾಳೆಯನ್ನು ಜೋರಾಗಿ ಓದಿಸಿ ಕೇಳಿಸಿಕೊಳ್ಳಿ’ ಎಂದರೆ ಓದು ಬಾರದ ತಾಯಿಗೂ ತಾನು ಮಾಡಬಹುದಾದ ಕೆಲಸ ಸಿಗುತ್ತದೆ.

ವರ್ಷದ ಕೊನೆಯಲ್ಲಿ ಫಲಿತಾಂಶದ ಪಟ್ಟಿ ಸಿದ್ಧವಾಗುವ ಹೊತ್ತಿಗೆ ಇನ್ನೊಂದು ಕೆಲಸ ಉಳಿಯುತ್ತದೆ, ಅದನ್ನು ಯಾರೂ ಕೇಳುವುದಿಲ್ಲ. ಜೂನ್‌ನಲ್ಲಿ ಓದಿಸಿದ ನಾಲ್ಕು ಸಾಲುಗಳ ಹಾಳೆಯನ್ನೂ ಕಳೆಯುವ ಲೆಕ್ಕಗಳನ್ನೂ ಅದೇ ಮಕ್ಕಳಿಗೆ ಮಾರ್ಚ್ ಅಂತ್ಯದಲ್ಲಿ ಮತ್ತೊಮ್ಮೆ ಕೊಟ್ಟು, ಪ್ರತಿ ಮಗುವಿನ ಹೆಸರಿನ ಮುಂದೆ ಎಲ್ಲಿಂದ ಎಲ್ಲಿಗೆ ಬಂದಿದೆ, ಇನ್ನೂ ಎಲ್ಲಿ ನಿಂತಿದೆ, ಯಾವ ಉಪಾಯ ಅದಕ್ಕೆ ಹಿಡಿಸಿತು ಎಂದು ಎರಡು ಸಾಲು ಬರೆದು ಮುಂದಿನ ತರಗತಿಯ ಶಿಕ್ಷಕರ ಕೈಗೆ ಕೊಡಬೇಕು. ವರ್ಗಾವಣೆ, ಮಾತೃತ್ವ ರಜೆ, ಅತಿಥಿ ಶಿಕ್ಷಕರ ಬದಲಾವಣೆಗಳ ನಡುವೆ ಮಗುವಿನ ಬಗ್ಗೆ ಗೊತ್ತಿದ್ದದ್ದೆಲ್ಲ ಪ್ರತಿ ವರ್ಷ ಕಳೆದುಹೋಗಿ, ಸೇತುಬಂಧ ಮತ್ತೆ ಮೊದಲಿನಿಂದ ಆರಂಭವಾಗುತ್ತಿರುವುದಕ್ಕೆ ಈ ಎರಡು ಸಾಲುಗಳಿಲ್ಲದಿರುವುದೂ ಒಂದು ಕಾರಣ.